ಮೂರನೇ ಬೆಂಚಿನಲ್ಲಿ ಮಾತಾಡಿದವಳು ನಾನೇ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಬಡಾವಣೆಯ ಶಾಲೆಯ ಗೇಟಿಗೆ ತಮ್ಮ ಕಚೇರಿಯವರು ಅಂಟಿಸಿ ಹೋಗಿರುವ ಆದೇಶವನ್ನು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದೆ. "ಅಣಕು ಶಾಲಾ ದಿನದಂದು ವಿದ್ಯಾರ್ಥಿಗಳು ಅಂತರ ಕಾಯ್ದುಕೊಳ್ಳಲು ವಿಫಲರಾಗಿದ್ದು, ಮುಖಗವಸು ಸರಿಸಿ ಪರಸ್ಪರ ಸಂಭಾಷಣೆಯಲ್ಲಿ ತೊಡಗಿದ್ದು ಕಂಡುಬಂದಿರುತ್ತದೆ. ಮುಖ್ಯವಾಗಿ ಎರಡನೇ ತರಗತಿಯ ಮೂರನೇ ಬೆಂಚಿನಲ್ಲಿ ಶಿಸ್ತು ಪೂರ್ಣ ಕುಸಿದಿರುತ್ತದೆ. ಆದ್ದರಿಂದ ಈ ವಯೋಮಾನದ ಮಕ್ಕಳು ಶಾಲೆಗೆ ಮರಳಲು ಇನ್ನೂ ಸಿದ್ಧರಿಲ್ಲವೆಂದು ತೀರ್ಮಾನಿಸಿ, ಮುಂದಿನ ಆದೇಶದವರೆಗೆ ತರಗತಿಗಳನ್ನು ಮುಂದೂಡಲಾಗಿದೆ" ಎಂದು ಅದರಲ್ಲಿದೆ. ಮಾನ್ಯರೇ, ಆ ದಿನ ಆ ಶಾಲೆಯೊಳಗೆ ಒಂದೇ ಒಂದು ಮಗುವೂ ಇರಲಿಲ್ಲ. ಮೂರನೇ ಬೆಂಚಿನಲ್ಲಿ ಮಾಸ್ಕ್ ಸರಿಸಿ ಮಾತಾಡಿದವಳು ನಾನು. ನನಗೆ ಅರವತ್ತಾರು ವರ್ಷ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. "ಸದ್ದು ಮಾಡಬೇಡಿ" ಎಂದು ಗದರುವುದಕ್ಕೇ ಸರ್ಕಾರ ನನಗೆ ಅಷ್ಟು ವರ್ಷ ಸಂಬಳ ಕೊಟ್ಟಿತು ಎಂದರೂ ಸುಳ್ಳಾಗದು. ಕನ್ನಡಕದ ಮೇಲಿಂದ ಒಂದು ನೋಟ ಬಿಟ್ಟರೆ ಸಾಕು, ಪರೀಕ್ಷೆಗೆ ಓದಲು ಬಂದ ಕಾಲೇಜು ಹುಡುಗರು ಬಾಯಿಗೆ ಬಂದ ಮಾತನ್ನು ಹಾಗೇ ನುಂಗಿಕೊಳ್ಳುತ್ತಿದ್ದರು. ಅಂಥವಳು ತರಗತಿಯಲ್ಲಿ ಮಾತಾಡಿ ಸಿಕ್ಕಿಬಿದ್ದಳು ಎಂಬ ಸುದ್ದಿ ಹಳೆಯ ಸಹೋದ್ಯೋಗಿಗಳ ಕಿವಿಗೆ ಬಿದ್ದು, ಅವರೆಲ್ಲ ಫೋನ್ ಮಾಡಿ ಮಾಡಿ ನಗುತ್ತಿದ್ದಾರೆ. ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಂಡೇನು. ಆದರೆ ಮಾತಾಡಿದ್ದು ಅಜ್ಜಿ, ಶಿಕ್ಷೆ ಮೊಮ್ಮಗಳಿಗೆ ಎಂದರೆ ಹೊಟ್ಟೆಯಲ್ಲಿ ಅದಕ್ಕೆ ಜಾಗವಿಲ್ಲ. ಯಾವ ಕಾನೂನಿನಲ್ಲಿ ಹೀಗೊಂದು ಕಲಮು ಇದೆಯೋ ತಾವೇ ತಿಳಿಸಬೇಕು.

ಹಾಗೆಂದು ನನ್ನನ್ನು "ರೋಗವೂ ಇಲ್ಲ, ಗೀಗವೂ ಇಲ್ಲ" ಎನ್ನುವವರ ಸಾಲಿಗೆ ಸೇರಿಸಬೇಡಿ. ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸ್. ಈ ಸಾಂಕ್ರಾಮಿಕ ಶುರುವಾದಾಗಿನಿಂದ ಅವಳ ಡ್ಯೂಟಿ ಆ ವಾರ್ಡಿನಲ್ಲೇ. ಮನೆಗೆ ಬಂದರೆ ಹಿಂಬಾಗಿಲಿನಿಂದ ನೇರ ಬಚ್ಚಲಿಗೆ, ಬಚ್ಚಲಿನಿಂದ ನೇರ ತನ್ನ ಕೋಣೆಗೆ. ನಾವಿಬ್ಬರು ಅಮ್ಮ ಮಗಳು ಮಾತಾಡಿಕೊಳ್ಳುವುದು ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ತಂತಿಯ ಆಚೆ ಈಚೆ ನಿಂತು, ನಡುವೆ ಒಂದು ಒದ್ದೆ ಬೆಡ್‌ಶೀಟು. ಅಳಿಯ ಕೆಲಸದ ಊರಿನಿಂದ ಬರಲಾಗದೆ ಅಲ್ಲೇ ಉಳಿದಿದ್ದಾನೆ. ಹೀಗಾಗಿ ಏಳು ವರ್ಷದ ಮೊಮ್ಮಗಳ ಊಟ, ಪಾಠ, ಜಡೆ, ಜಗಳ ಎಲ್ಲಕ್ಕೂ ನಾನೇ. ವಯಸ್ಸಿನ ಲೆಕ್ಕದಲ್ಲಿ ಈ ರೋಗಕ್ಕೆ ಮೊದಲು ಬೇಕಾದವಳೂ ನಾನೇ. ಆದ್ದರಿಂದ ಎಚ್ಚರಿಕೆ ಎಂದರೇನು ಎಂಬ ಪಾಠ ನಮ್ಮ ಮನೆಗೆ ಬೇಕಾಗಿಲ್ಲ.

ನನ್ನ ಮೊಮ್ಮಗಳು ಈಗ ಎರಡನೇ ತರಗತಿ. ಆದರೆ ಅವಳು ಶಾಲೆಯೊಳಗೆ ಕಾಲಿಟ್ಟೇ ಇಲ್ಲ. ಗೇಟು ಮುಚ್ಚಿದ ಮೇಲೆ ಒಂದನೇ ತರಗತಿಗೆ ಸೇರಿದಳು, ಗೇಟು ಮುಚ್ಚಿದ್ದಾಗಲೇ ಪಾಸಾದಳು. ಅವಳ ಪಾಲಿಗೆ ಶಾಲೆ ಎಂದರೆ ನನ್ನ ಫೋನಿನ ಮೇಲೆ ಸಾಲಾಗಿ ಕಾಣುವ ಪುಟ್ಟ ಪುಟ್ಟ ಚೌಕಗಳು. ಆ ಚೌಕಗಳಲ್ಲಿ ಏನು ಕಾಣುತ್ತದೋ ಅದೇ ಆ ಮಗುವಿನ ಹೆಸರು. ಅಡುಗೆಮನೆಯಲ್ಲಿ ಕೂರುವವನು ಕುಕ್ಕರ್. ಕೂದಲು ಮತ್ತು ಹಣೆ ಮಾತ್ರ ಕಾಣುವವನು ಅರ್ಧ ತಲೆ. ಹಿಂದೆ ಹಸಿರು ಪರದೆ ಇರುವವಳು ಪರದೆ. ನನ್ನ ಮೊಮ್ಮಗಳ ಹಿಂದೆ ನನ್ನ ಪುಸ್ತಕದ ಕಪಾಟು ಇರುವುದರಿಂದ ಅವಳು ಪುಸ್ತಕದಂಗಡಿ. ಮಿಸ್ ಹಾಜರಿ ಕರೆಯುವಾಗ ಒಂದು ಹೆಸರು, ಮಕ್ಕಳ ನಡುವೆ ಇನ್ನೊಂದು. ಒಮ್ಮೆ ಮಿಸ್ಸೇ ಬಾಯಿ ತಪ್ಪಿ "ಕುಕ್ಕರ್, ನೀನು ಓದು" ಎಂದುಬಿಟ್ಟರಂತೆ.

ಇವರಲ್ಲಿ ಒಬ್ಬಳು ಫ್ಯಾನ್. ಅವಳ ಚೌಕದಲ್ಲಿ ಮುಖ ಕಂಡದ್ದೇ ಇಲ್ಲ. ಬಿಳಿ ಸೂರು, ಅದರಲ್ಲಿ ನಿಧಾನಕ್ಕೆ ತಿರುಗುವ ಒಂದು ಫ್ಯಾನ್. ಅದರ ಒಂದು ರೆಕ್ಕೆ ಕೊಂಚ ಬಾಗಿ, ಪ್ರತಿ ಸುತ್ತಿಗೂ ಟಕ್ ಎಂದು ಸದ್ದು ಮಾಡುತ್ತಿತ್ತು. ಆ ಟಕ್ ಸದ್ದಿನ ನಡುವೆ ಒಂದು ತೆಳ್ಳನೆಯ ಧ್ವನಿ. ಮಿಸ್ ಬರುವ ಮೊದಲೇ ಇವರಿಬ್ಬರೂ ಬಂದು ಕೂತಿರುತ್ತಿದ್ದರು. ಅಷ್ಟರಲ್ಲಿ ನನ್ನ ಮೊಮ್ಮಗಳು ಅವಳಿಗೆ ಕತೆ ಓದಿ ಹೇಳುತ್ತಿದ್ದಳು. ಗಾಳಿಗೆ ಹಾರಿಹೋದ ತನ್ನ ಕೊಡೆಯನ್ನು ಹುಡುಕಿಕೊಂಡು ಹೊರಟ ಒಂದು ಇಲಿಯ ಕತೆ ಅದು. ದಿನಕ್ಕೊಂದು ಪುಟ, ಅದೂ ಅಕ್ಷರ ಕೂಡಿಸಿ ಕೂಡಿಸಿ. ಫ್ಯಾನ್ ಮಧ್ಯೆ ಮಧ್ಯೆ "ಆಮೇಲೆ?" ಎನ್ನುತ್ತಿದ್ದಳು. ಸತ್ಯ ಹೇಳುತ್ತೇನೆ, ನನ್ನ ಮೊಮ್ಮಗಳು ಓದು ಕಲಿತದ್ದು ನಮ್ಮಿಂದಲ್ಲ, ಆ "ಆಮೇಲೆ?"ಯಿಂದ.

ಇಲಿ ನದಿಯ ದಡಕ್ಕೆ ಬಂದು ನಿಂತ ಪುಟದವರೆಗೆ ಓದು ಬಂತು. ಮಾರನೇ ದಿನ ಫ್ಯಾನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಿಸ್ ಅವರನ್ನು ವಿಚಾರಿಸಿದೆ. ಶಾಲೆಯಲ್ಲಿರುವ ನಂಬರಿಗೆ ಕರೆ ಹೋಗುತ್ತಿಲ್ಲ, ಮನೆ ಬದಲಾಯಿಸಿರಬಹುದು ಎಂದರು. ಪಾಪ, ಅವರಿಗೂ ಬೇಜಾರಾಗಿತ್ತು. ಅಂದಿನಿಂದ ನನ್ನ ಮೊಮ್ಮಗಳು ಆ ಪುಸ್ತಕ ಮುಟ್ಟಿಲ್ಲ. ಬೇರೆ ಪುಸ್ತಕ ಕೊಟ್ಟರೂ ಬೇಡ. ಆಯುಷ್ಯವೆಲ್ಲ ಊರಿನವರಿಗೆ ಪುಸ್ತಕ ಕೊಟ್ಟವಳ ಮನೆಯಲ್ಲೇ ಒಂದು ಮಗು ಪುಸ್ತಕ ನೋಡಿ ಮುಖ ತಿರುಗಿಸಿದರೆ ಹೇಗಿರುತ್ತದೆ ಹೇಳಿ. ತರಗತಿಯಲ್ಲೂ ಬಾಯಿ ಬಿಡುವುದನ್ನು ನಿಲ್ಲಿಸಿದಳು. ಒಂದು ದಿನ ನೋಡುತ್ತೇನೆ, ಫೋನನ್ನು ಕಪಾಟಿನ ಎದುರು ನಿಲ್ಲಿಸುವ ಬದಲು ನೆಲದ ಮೇಲೆ ಅಂಗಾತ ಮಲಗಿಸಿದ್ದಾಳೆ. ಅವಳ ಚೌಕದಲ್ಲಿ ಈಗ ನಮ್ಮ ಮನೆಯ ಫ್ಯಾನ್ ತಿರುಗುತ್ತಿದೆ. ಇದೇನೇ ಎಂದೆ.

"ಅವಳು ಬಂದ್ರೆ ನಾನು ಇಲ್ಲಿದೀನಿ ಅಂತ ಗೊತ್ತಾಗ್ಲಿ ಅಂತ ಅಜ್ಜಿ," ಎಂದಳು.

ನನಗೆ ಅಳು ಬಂತು. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುವ ನೆಪ ಮಾಡಿದೆ. ಅವತ್ತು ಸಂಜೆ ಹಿತ್ತಲ ತಂತಿಯ ಬಳಿ ಮಗಳಿಗೂ ಈ ವಿಷಯ ಹೇಳಿದೆ. ಬೆಡ್‌ಶೀಟಿನ ಆಚೆ ಅವಳು ತಂತಿಯ ಕ್ಲಿಪ್ಪುಗಳನ್ನು ತೆಗೆದು ತೆಗೆದು ಮತ್ತೆ ಸಿಕ್ಕಿಸುತ್ತಿದ್ದಳು.

ಇಂಥ ಹೊತ್ತಿನಲ್ಲಿ, ಮಾನ್ಯರೇ, ತಮ್ಮ ಸಮಿತಿ ಶಾಲೆಗಳನ್ನು ಸುರಕ್ಷಿತವಾಗಿ ತೆರೆಯುವ ಯೋಜನೆಯನ್ನು ಪ್ರಕಟಿಸಿತು. ಅದನ್ನು ನಾನು ಹಬೆಯಾಡುವ ಕಾಫಿಯ ಜೊತೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ, ಕಾಫಿ ಆರಿಹೋಯಿತು. ಮಕ್ಕಳು ಕೊಠಡಿಯಲ್ಲಿ ಹೇಗೆ ಕೂರಬೇಕೆಂದು ನಿರ್ಧರಿಸಲು ಸಮಿತಿಯ ಸದಸ್ಯರು ಹಲವು ಸಭೆ ನಡೆಸಿದ್ದು, ಅವೆಲ್ಲವೂ ಸುರಕ್ಷತೆಯ ದೃಷ್ಟಿಯಿಂದ ಅವರವರ ಮನೆಯಿಂದಲೇ ಫೋನಿನಲ್ಲಿ ನಡೆದವು ಎಂದು ಮುನ್ನುಡಿಯಲ್ಲೇ ಬರೆದುಕೊಂಡಿದ್ದೀರಿ. ಪ್ರಾಮಾಣಿಕತೆ ಮೆಚ್ಚಿದೆ. ತಮ್ಮಲ್ಲೂ ಯಾರಾದರೂ ಕುಕ್ಕರ್, ಅರ್ಧ ತಲೆ ಇದ್ದಾರೆಯೇ ಎಂಬ ಕುತೂಹಲವೂ ಹುಟ್ಟಿತು. ಮಕ್ಕಳು ಓಡಬಾರದು, ರಬ್ಬರ್ ಪೆನ್ಸಿಲ್ ಹಂಚಿಕೊಳ್ಳಬಾರದು, ಕೈ ಕೈ ಹಿಡಿಯಬಾರದು ಎಂಬಲ್ಲಿಯವರೆಗೆ ತಲೆದೂಗಿದೆ. "ಗಟ್ಟಿಯಾಗಿ ಓದತಕ್ಕದ್ದಲ್ಲ, ಮಗ್ಗಿಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳತಕ್ಕದ್ದು" ಎಂಬಲ್ಲಿಗೆ ಬಂದಾಗ ಮಾತ್ರ ನನ್ನ ಹಳೆಯ ಗ್ರಂಥಾಲಯ ನೆನಪಾಯಿತು. ನಾನು ಅಷ್ಟು ವರ್ಷ ಗದರಿ ಸಾಧಿಸಲಾಗದ್ದನ್ನು ತಾವು ಒಂದು ಸಾಲಿನಲ್ಲಿ ಸಾಧಿಸಿದ್ದೀರಿ. ಏಳು ವರ್ಷದ ಮಗು ಮಗ್ಗಿಯನ್ನು ಮನಸ್ಸಿನಲ್ಲಿ ಹೇಳಿಕೊಂಡಿತೋ, ತಿಂಡಿಯ ಡಬ್ಬಿಯನ್ನು ನೆನೆಸಿಕೊಂಡಿತೋ ಎಂಬುದನ್ನು ಪರೀಕ್ಷಿಸುವ ಯಂತ್ರವೂ ತಮ್ಮ ಬಳಿ ಇರಬೇಕು.

ಆದರೂ ಖುಷಿಯಾಯಿತು, ಯಾಕೆಂದರೆ ಕೊನೆಗೆ ಒಂದು ದಿನಾಂಕವಿತ್ತು. ಅದಕ್ಕೂ ಮೊದಲು ಒಂದು ಅಣಕು ಶಾಲಾ ದಿನ ನಡೆಯಬೇಕು, ಎಲ್ಲವೂ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು ಎಂದಿದ್ದಿರಿ. ಒಳ್ಳೆಯ ಯೋಚನೆ. ಆದರೆ ಅಣಕು ದಿನದಂದು ಮಕ್ಕಳನ್ನು ಕರೆಸುವುದು ಸುರಕ್ಷಿತವಲ್ಲ. ಹಾಗಾದರೆ ಮಕ್ಕಳ ಜಾಗದಲ್ಲಿ ಯಾರು? ಇಲ್ಲಿ ತಮ್ಮ ಸಮಿತಿಯ ಬುದ್ಧಿಗೆ ಕೈಮುಗಿಯಬೇಕು. ಪ್ರತಿ ಮಗುವಿನ ಪೋಷಕರು ಆ ಮಗುವಿನ ಚೀಲ, ನೀರಿನ ಬಾಟಲಿ, ಊಟದ ಡಬ್ಬಿ ತೆಗೆದುಕೊಂಡು ಬಂದು, ಆ ಮಗುವಿನ ಜಾಗದಲ್ಲೇ ಕೂತು, ಅರ್ಧ ದಿನ ವಿದ್ಯಾರ್ಥಿಯಾಗಿ ವರ್ತಿಸತಕ್ಕದ್ದು ಎಂದಿರಿ. ಮಗಳಿಗೆ ಡ್ಯೂಟಿ ಇತ್ತು. ಬೆನ್ನಿಗೆ ಗುಲಾಬಿ ಬಣ್ಣದ ಮೊಲದ ಚಿತ್ರವಿರುವ ಚೀಲ ಏರಿಸಿ ನಾನೇ ಹೊರಟೆ. "ಅಜ್ಜಿ, ಚೆನ್ನಾಗಿ ನಡ್ಕೋ, ಆಮೇಲೆ ನನ್ನ ಹೆಸರು ಕೆಡತ್ತೆ," ಎಂದು ಮೊಮ್ಮಗಳು ಬಾಗಿಲಲ್ಲಿ ನಿಂತು ಬುದ್ಧಿ ಹೇಳಿ ಕಳಿಸಿದಳು. ಅವಳ ಭಯ ನಿಜವಾಯಿತು.

ಗೇಟಿನಲ್ಲಿ ಜ್ವರ ನೋಡಿದರು, ಕೈಗೆ ಔಷಧಿ ಹಾಕಿದರು. ನೆಲದ ಮೇಲೆ ಬಾಣದ ಗುರುತುಗಳಿದ್ದವು. ಒಳಹೋಗುವ ಬಾಣಗಳೂ ಹೊರಬರುವ ಬಾಣಗಳೂ ಮೆಟ್ಟಿಲ ತಿರುವಿನಲ್ಲಿ ಎದುರುಬದುರಾಗಿ ಬಂದು ನಿಂತಿದ್ದವು. ಅಲ್ಲಿ ಎರಡು ಸಾಲಿನ ಅಪ್ಪ ಅಮ್ಮಂದಿರು ಮುಖಾಮುಖಿಯಾಗಿ ನಿಂತು "ನೀವು ಹೋಗಿ", "ಪರವಾಗಿಲ್ಲ, ನೀವು ಮೊದಲು" ಎಂದು ಉಪಚಾರ ಹೇಳಿಕೊಳ್ಳುತ್ತಿದ್ದರು. ಹೆಡ್‌ಮಾಸ್ಟರ್ ಬಂದು ಬಿಡಿಸಿದರು. ಕೊಠಡಿಯಲ್ಲಿ ಒಂದೊಂದು ಬೆಂಚಿಗೆ ಇಬ್ಬರು, ನಡುವೆ ಕೆಂಪು ಬಣ್ಣದಲ್ಲಿ ಒಂದು ಅಡ್ಡಗೆರೆ. ಬೆಂಚುಗಳು ಮಕ್ಕಳ ಅಳತೆಯವು. ಅಪ್ಪಂದಿರ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ನಾನು ಕೂತದ್ದೇನೋ ಸರಿ, ಮತ್ತೆ ಏಳುವುದು ಹೇಗೆ ಎಂಬ ಚಿಂತೆ ಆಗಲೇ ಶುರುವಾಯಿತು.

ತಮ್ಮ ವೀಕ್ಷಕರು ಸಭ್ಯ ಯುವಕರು. ಕೊಠಡಿಯೊಳಗೆ ಬರುವಂತಿಲ್ಲ ಎಂಬ ನಿಯಮವಿದ್ದುದರಿಂದ ಬಾಗಿಲ ಹೊರಗೆ ನಿಂತು, ಮುಖಕ್ಕೆ ಹಾಕಿಕೊಂಡ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತ ಹಬೆಯನ್ನು ಒರೆಸುತ್ತಾ ಬರೆದುಕೊಳ್ಳುತ್ತಿದ್ದರು. ಬರೆಯಲು ಅವರಿಗೆ ಸಾಕಷ್ಟು ಸಿಕ್ಕಿತು ಎನ್ನಬೇಕು. ಅದೇನು ಬೆಂಚಿನ ಮಹಿಮೆಯೋ, ಕೂತ ಸ್ವಲ್ಪ ಹೊತ್ತಿಗೇ ನಾವೆಲ್ಲ ಬದಲಾದೆವು. ಊರಿಗೆಲ್ಲ ಮಾಸ್ಕ್ ಮಾರುವ ಔಷಧಿ ಅಂಗಡಿಯವರದೇ ಮೂಗು ಮೊದಲು ಹೊರಗೆ ಬಂತು. ಬ್ಯಾಂಕಿನ ಮ್ಯಾನೇಜರ್ ಹಿಂದಿನ ಬೆಂಚಿನಲ್ಲಿ ಕದ್ದು ಮಗನ ಡಬ್ಬಿ ತೆರೆದು ಬಿಸ್ಕತ್ತು ತಿಂದರು, ಪಕ್ಕದವರಿಗೂ ಒಂದು ದಾಟಿಸಿದರು. ಟ್ರಾಫಿಕ್ ಪೊಲೀಸಮ್ಮನಂಥವರೇ ಮಿಸ್ ಪ್ರಶ್ನೆ ಕೇಳಿದಾಗ ಮುಂದಿನವರ ಬೆನ್ನ ಹಿಂದೆ ತಲೆ ತಗ್ಗಿಸಿದರು. ಪಾಠ ನಿಜವಾದ ಪಾಠವೇ. ಮಿಸ್ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಮ್ಮ ಕಡೆ ತಿರುಗಿದರು. ಎಷ್ಟೋ ಕಾಲದ ನಂತರ ಎದುರಿಗೆ ಜನ ಕೂತಿದ್ದರು. ಅವರ ಕಣ್ಣು ತುಂಬಿದ್ದನ್ನು ನಾವೆಲ್ಲ ನೋಡಿದೆವು, ನೋಡದಂತೆ ಕೂತೆವು. ವೀಕ್ಷಕರ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲವೆಂದು ಕಾಣುತ್ತದೆ.

ಈಗ ಮೂರನೇ ಬೆಂಚಿಗೆ ಬರೋಣ. ಕೆಂಪು ಗೆರೆಯ ಆಚೆ ನನ್ನ ಪಕ್ಕ ಕೂತಿದ್ದವರು ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವವರು, ಕೆಲಸದ ಸಮವಸ್ತ್ರದಲ್ಲೇ ಬಂದಿದ್ದರು. ಶಾಲೆಯ ಮುಂದಿನ ಬೀದಿಗೆ ಸಿಲಿಂಡರ್ ಕೊಡಲು ಬಂದಾಗ ಗೇಟಿನ ಮೇಲಿನ ಸೂಚನೆ ನೋಡಿದರಂತೆ. ಶಾಲೆಯಲ್ಲಿ ತಮ್ಮ ಮಗಳ ಜಾಗ ಹೋಗಬಾರದು ಎಂದು ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದರು. ಮಿಸ್ ಬೋರ್ಡಿನ ಕಡೆ ತಿರುಗಿದಾಗ ನಾನು ಮೆಲ್ಲಗೆ, ಮಗಳು ಆನ್‌ಲೈನ್ ಕ್ಲಾಸಿಗೆ ಬರುತ್ತಾಳಾ ಎಂದು ವಿಚಾರಿಸಿದೆ. ಅಲ್ಲಿಯವರೆಗೆ ನನ್ನ ಮಾಸ್ಕ್ ಮೂಗಿನ ಮೇಲೇ ಇತ್ತು, ಇದನ್ನು ದಯವಿಟ್ಟು ದಾಖಲಿಸಿಕೊಳ್ಳಿ.

"ಮೊದ್ಲು ಬರ್ತಿದ್ಲಮ್ಮಾ. ಮನೇಲಿರೋದು ನಂದೊಂದೇ ಫೋನು. ಈಗ ಕಂಪನಿಯವ್ರು ಬೇರೆ ನಂಬರ್ ಕೊಟ್ರು, ಬುಕಿಂಗೆಲ್ಲ ಅದ್ರಲ್ಲೇ ಬರತ್ತೆ. ಬೆಳಿಗ್ಗೆ ಎದ್ದು ತಗೊಂಡು ಹೊರಟುಬಿಡ್ತೀನಿ. ಕ್ಲಾಸು ಅಲ್ಲಿಗೇ ನಿಂತೋಯ್ತು," ಎಂದರು.

ಸುಮ್ಮನಿರಬಹುದಿತ್ತು. ಏನೋ ಒಂದು ಅನುಮಾನ ಒಳಗೆ ಕೊರೆಯತೊಡಗಿತು. ಆಗ ಫೋನನ್ನು ಎಲ್ಲಿ ಇಟ್ಟುಕೊಂಡು ಪಾಠ ಕೇಳುತ್ತಿದ್ದಳು ಎಂದು ಕೇಳಿದೆ. ನಿಲ್ಲಿಸಲು ಆಸರೆ ಏನೂ ಇರಲಿಲ್ಲ, ಮಂಚದ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತಿರುತ್ತಿದ್ದಳು ಎಂದರು.

"ಮಂಚದ ಮೇಲೆ ಫ್ಯಾನ್ ಇದೆಯಾ?"

"ಇದೆ."

"ಒಂದು ರೆಕ್ಕೆ ಬಾಗಿದೆ ಅಲ್ವಾ? ತಿರುಗೋವಾಗ ಟಕ್ ಅನ್ನತ್ತೆ."

ಅವರು ನನ್ನನ್ನೇ ನೋಡಿದರು. ಮಾನ್ಯರೇ, ಮಾಸ್ಕ್ ಸರಿದದ್ದು ಆಗ. ಕೆಂಪು ಗೆರೆ ದಾಟಿದ್ದು ಆಗ. ನಾನು ಅವರ ತೋಳು ಹಿಡಿದುಕೊಂಡುಬಿಟ್ಟಿದ್ದೆ. "ನಿಮ್ಮ ಮಗಳನ್ನ ನನ್ನ ಮೊಮ್ಮಗಳು ಹುಡುಕ್ತಿದಾಳೆ ಕಣಪ್ಪಾ," ಎಂದೆ. ಗ್ರಂಥಪಾಲಕಿಯ ಧ್ವನಿ ಅದಾಗಿರಲಿಲ್ಲ, ಇಡೀ ಕೊಠಡಿ ತಿರುಗಿ ನೋಡಿತು. ಅವರೂ ಮಾಸ್ಕ್ ಸರಿಸಿ, "ಪುಸ್ತಕದಂಗಡಿ ನಿಮ್ಮನೇದಾ?" ಎಂದರು. ಮಗಳು ದಿನಾ ಕೇಳುತ್ತಿದ್ದಳಂತೆ, ಅಪ್ಪಾ, ಸಿಲಿಂಡರ್ ಹಾಕೋಕೆ ಹೋದಾಗ ಪುಸ್ತಕದಂಗಡಿ ಏನಾದರೂ ಸಿಕ್ಕಿತಾ ಎಂದು. ಪಾಪ, ಆ ಮನುಷ್ಯ ಊರಲ್ಲಿರುವ ನಿಜವಾದ ಪುಸ್ತಕದ ಅಂಗಡಿಗಳ ಮುಂದೆಲ್ಲ ಗಾಡಿ ನಿಲ್ಲಿಸಿ ಇಣುಕಿ ನೋಡಿ ಬಂದಿದ್ದರು. ಬಾಗಿಲಿನಿಂದ ವೀಕ್ಷಕರು "ಮೂರನೇ ಬೆಂಚ್, ಮಾತಾಡ್ಬಾರ್ದು" ಎಂದರು. ನಾನು ಎದ್ದು ನಿಂತು "ಸಾರಿ ಸರ್" ಎಂದೆ. ಅವರು ನನ್ನ ಅಳಿಯನಿಗಿಂತ ಚಿಕ್ಕವರು.

ಇದಿಷ್ಟು ಆ ಕುಸಿದ ಶಿಸ್ತಿನ ಕತೆ. ಇದು ಮಕ್ಕಳ ಖಾತೆಗೆ ಹೇಗೆ ಬಂತು ಎಂದು ಹೆಡ್‌ಮಾಸ್ಟರರನ್ನು ಕೇಳಿದೆ. ಅವರು ಸಂಕೋಚದಿಂದ ಕೈ ಉಜ್ಜಿಕೊಳ್ಳುತ್ತಾ ವಿವರಿಸಿದರು. ವೀಕ್ಷಕರಿಗೆ ಕೊಟ್ಟ ಮುದ್ರಿತ ಹಾಳೆಯಲ್ಲಿ "ಶಿಕ್ಷಕರು", "ವಿದ್ಯಾರ್ಥಿಗಳು" ಎಂದು ಎರಡೇ ಕಾಲಂ ಇದ್ದವಂತೆ. ನಾವು ಶಿಕ್ಷಕರಂತೂ ಅಲ್ಲ. ಹೀಗಾಗಿ ಕೆಳಗಿನ ಕಚೇರಿಯಿಂದ ಮೇಲಿನ ಕಚೇರಿಗೆ ಏರುತ್ತಾ ಏರುತ್ತಾ ನಾವೆಲ್ಲ ವಿದ್ಯಾರ್ಥಿಗಳಾದೆವು, ಆಮೇಲೆ ಮಕ್ಕಳಾದೆವು, ಕೊನೆಗೆ ತಮ್ಮ ಮೇಜಿಗೆ ಬರುವಷ್ಟರಲ್ಲಿ ಸಿದ್ಧರಿಲ್ಲದ ಮಕ್ಕಳಾದೆವು. ಫೈಲಿನಲ್ಲಿ ವಯಸ್ಸು ಇಷ್ಟು ಸಲೀಸಾಗಿ ಇಳಿಯುವುದಾದರೆ ನನ್ನ ಮಂಡಿನೋವನ್ನೂ ಒಮ್ಮೆ ಅದರೊಳಗೆ ಹಾಕಿ ಕಳಿಸುತ್ತಿದ್ದೆ. ಹೇಳಿ, ಇಡೀ ಜಿಲ್ಲೆಯ ಪುಟಾಣಿಗಳ ಬಗ್ಗೆ ತೀರ್ಪು ಕೊಡುವ ಮೊದಲು ಅವರಲ್ಲಿ ಒಬ್ಬರನ್ನಾದರೂ ನೋಡಬೇಕು ಎಂದು ಯಾರಿಗೂ ಅನ್ನಿಸಲಿಲ್ಲವೇ? ನಾವು ದೊಡ್ಡವರು ನಿಯಮ ಪಾಲಿಸುವುದಿಲ್ಲ ಎಂಬುದು ನಿಜ. ಆ ಕಾರಣಕ್ಕೆ ಯಾವ ಅಂಗಡಿ, ಯಾವ ಕಚೇರಿ, ಯಾವ ಹೋಟೆಲ್ಲು ಈಗ ಮುಚ್ಚಿದೆ? ನಮ್ಮ ತಪ್ಪಿಗೆ ಮುಚ್ಚಿಕೊಂಡು ಕೂತಿರುವುದು ಅವರ ಗೇಟು ಮಾತ್ರ.

ಇನ್ನೊಂದು ಮಾತು, ಇದನ್ನು ತಮಾಷೆಯಿಲ್ಲದೆ ಹೇಳುತ್ತೇನೆ. ಅವತ್ತು ಆ ಕೊಠಡಿಯಲ್ಲಿ ನಿಜವಾಗಿ ಅಪಾಯವಿದ್ದದ್ದು ನನ್ನ ಮಾತಿನಿಂದಲ್ಲ, ಗಾಳಿಯಿಲ್ಲದ್ದರಿಂದ. ಕಿಟಕಿಗಳು ನಾಲ್ಕಿವೆ. ನಾಲ್ಕಕ್ಕೂ ಅಡ್ಡಲಾಗಿ ಕಬ್ಬಿಣದ ಬೀರುಗಳನ್ನು ನಿಲ್ಲಿಸಿದ್ದಾರೆ. ಒಳಗೆ ಯಾವ ಕಾಲದ್ದೋ ಉತ್ತರ ಪತ್ರಿಕೆಗಳು. "ಕಿಟಕಿಗಳನ್ನು ಸದಾ ತೆರೆದಿಡತಕ್ಕದ್ದು" ಎಂದು ತಮ್ಮ ಯೋಜನೆ ಹೇಳುತ್ತದೆ. "ದಾಖಲೆಗಳಿರುವ ಬೀರುಗಳನ್ನು ಅನುಮತಿಯಿಲ್ಲದೆ ಕದಲಿಸತಕ್ಕದ್ದಲ್ಲ" ಎಂದು ತಮ್ಮದೇ ಕಚೇರಿಯ ಹಳೆಯ ಸುತ್ತೋಲೆ ಹೇಳುತ್ತದೆ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ಅಪ್ಪ ಅಮ್ಮಂದಿರ ಹಾಗೆ ಎರಡೂ ಆದೇಶಗಳು ಎದುರುಬದುರು ನಿಂತಿವೆ, ಬಿಡಿಸಲು ಹೆಡ್‌ಮಾಸ್ಟರರಿಗೆ ಧೈರ್ಯವಿಲ್ಲ. ಮಗಳ ಆಸ್ಪತ್ರೆಯಲ್ಲಿ ಮೊದಲು ಮಾಡಿದ ಕೆಲಸವೇ ವಾರ್ಡಿನ ಕಿಟಕಿಗಳನ್ನು ತೆರೆದದ್ದಂತೆ. ಶಾಲೆಯ ಹಿಂದೆ ದೊಡ್ಡ ಬಯಲಿದೆ, ನೆರಳಿದೆ. ಅದರ ಮಾತು ಯೋಜನೆಯಲ್ಲಿ ಎಲ್ಲೂ ಇಲ್ಲವಲ್ಲ ಎಂದರೆ, ಬಯಲು ಕ್ರೀಡಾ ವಿಭಾಗಕ್ಕೆ ಸೇರಿದ್ದು, ಅದರ ಫೈಲೇ ಬೇರೆ ಎಂದರು ಹೆಡ್‌ಮಾಸ್ಟರ್. ಗಾಳಿ ಯಾವ ವಿಭಾಗಕ್ಕೆ ಸೇರುತ್ತದೆ ಎಂದು ಕೇಳಬೇಕೆಂದುಕೊಂಡೆ, ಅವರ ಮುಖ ನೋಡಿ ಬಿಟ್ಟೆ.

ತಮ್ಮ ಆದೇಶ ಬಂದ ಮಾರನೇ ಸಂಜೆ ನಾನೂ ಸಿಲಿಂಡರ್‌ನವರೂ ಮಾತಾಡಿಕೊಂಡು ಮಕ್ಕಳಿಬ್ಬರನ್ನೂ ಶಾಲೆಯ ಮುಚ್ಚಿದ ಗೇಟಿನ ಹತ್ತಿರ ಕರೆತಂದೆವು. ಮನೆಯೊಳಗೆ ಬೇಡ, ಹೊರಗೇ ಇರಲಿ ಎಂದು ನನ್ನ ಮಗಳು ತಾಕೀತು ಮಾಡಿದ್ದಳು. ನನ್ನ ಮೊಮ್ಮಗಳು ಇಲಿಯ ಪುಸ್ತಕವನ್ನು ಎದೆಗವಚಿಕೊಂಡು ಬಂದಿದ್ದಳು, ಅದನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ. ಎದುರಿಗೆ ಎರಡು ಜಡೆಯ ಒಂದು ಹುಡುಗಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಗುರುತು ಹೇಗೆ ಸಿಗಬೇಕು? ಇವಳು ಫ್ಯಾನಿನ ಮುಖವನ್ನೇ ಕಂಡವಳಲ್ಲ, ಇವಳ ಮುಖಕ್ಕೋ ಈಗ ಮಾಸ್ಕ್. ಆಗ ಆ ಹುಡುಗಿ ನಾಲಿಗೆಯಿಂದ ಟಕ್ ಎಂದು ಸದ್ದು ಮಾಡಿದಳು. ಸ್ವಲ್ಪ ಬಿಟ್ಟು ಇನ್ನೊಮ್ಮೆ. ನನ್ನ ಮೊಮ್ಮಗಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಈ ಎರಡು ವರ್ಷದಲ್ಲಿ ಕೇಳಿಲ್ಲ.

ಓಡಿಹೋಗಿ ತಬ್ಬಿಕೊಳ್ಳುತ್ತಾರೆ ಎಂದು ನಾನು ಹಿಡಿಯಲು ಮುಂದಾದೆ. ಹಾಗೇನೂ ಆಗಲಿಲ್ಲ. ಫ್ಯಾನ್ ತನ್ನ ಚೀಲದಿಂದ ಸ್ಕಿಪ್ಪಿಂಗ್ ಆಡುವ ಹಗ್ಗ ತೆಗೆದು ಒಂದು ತುದಿಯನ್ನು ಇವಳ ಕಡೆಗೆ ಎಸೆದಳು. ಇವಳು ಹಿಡಿದುಕೊಂಡಳು. ಹಗ್ಗ ಬಿಗಿಯಾಗುವಷ್ಟು ಹಿಂದೆ ಸರಿದು ಇಬ್ಬರೂ ಗೇಟಿನ ಕಟ್ಟೆಯ ಎರಡು ತುದಿಗೆ ಕೂತರು. ಮಿಸ್ ಹೇಳಿದ ದೂರ ಇಷ್ಟೇ, ಹಗ್ಗ ಸಡಿಲವಾದರೆ ಔಟ್ ಎಂದು ಅವರೇ ನಿಯಮ ಮಾಡಿಕೊಂಡರು. ನಾವು ಹೇಳಿಕೊಟ್ಟದ್ದಲ್ಲ. ತಮ್ಮ ಸಮಿತಿಯೂ ಹೇಳಿಕೊಟ್ಟದ್ದಲ್ಲ. ಮೂಗಿನ ಮೇಲೆ ಮಾಸ್ಕ್, ಕೈಯಲ್ಲಿ ಹಗ್ಗ, ಮಡಿಲಲ್ಲಿ ಪುಸ್ತಕ. ನನ್ನ ಮೊಮ್ಮಗಳು ಗಟ್ಟಿಯಾಗಿ ಓದತೊಡಗಿದಳು. ತಮ್ಮ ಯೋಜನೆಯ ಪ್ರಕಾರ ಅದು ಅಪರಾಧ. ಆಚೆಯಿಂದ "ಆಮೇಲೆ?" ಬಂತು. ಆ ಖುಷಿಯನ್ನು ಹಂಚಿಕೊಳ್ಳಲು ನಾನೂ ಸಿಲಿಂಡರ್‌ನವರೂ ಮಾತಾಡುತ್ತಾ ಮಾತಾಡುತ್ತಾ ಹತ್ತಿರ ಬಂದುಬಿಟ್ಟಿದ್ದೆವು.

"ಅಜ್ಜಿ, ದೂರ," ಎಂದಳು ಮೊಮ್ಮಗಳು, ಪುಸ್ತಕದಿಂದ ತಲೆ ಎತ್ತದೆ.

ಇಲಿ ದೋಣಿ ಹತ್ತುವ ಪುಟ ಓದಿ ಅವಳು ಪುಸ್ತಕ ಮುಚ್ಚಿದಳು. ಇನ್ನು ಸ್ವಲ್ಪವೇ ಉಳಿದಿದೆ, ಓದಿಬಿಡೇ ಎಂದೆ. ಆಗುವುದಿಲ್ಲವಂತೆ. ಕುಕ್ಕರ್, ಅರ್ಧ ತಲೆ, ಪರದೆ ಎಲ್ಲರೂ ಕೇಳಬೇಕಂತೆ, ಉಳಿದದ್ದು ಕ್ಲಾಸಿನಲ್ಲೇ ಅಂತೆ. ಫ್ಯಾನ್ ಕೂಡ ಹಾಗೇ ಆಗಲಿ ಎಂದಳು. ಅಂದಿನಿಂದ ದಿನಾ ಸಂಜೆ ಅದೇ ಕಟ್ಟೆ, ಅದೇ ಹಗ್ಗ. ಬೇರೆ ಪುಸ್ತಕಗಳೆಲ್ಲ ಓದಾಗುತ್ತಿವೆ, ಇಲಿ ಮಾತ್ರ ದೋಣಿಯಲ್ಲೇ ಇದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ತಮ್ಮ ಆದೇಶದಲ್ಲಿ "ಮಕ್ಕಳು" ಎಂದಿರುವ ಕಡೆಯೆಲ್ಲ "ಪೋಷಕರು" ಎಂದು ತಿದ್ದಿಸಿ, ನಮಗೆ ಏನು ಶಿಕ್ಷೆ ಕೊಡುತ್ತೀರೋ ಕೊಡಿ. ಬೆಂಚಿನ ಮೇಲೆ ನಿಲ್ಲಿಸಬೇಡಿ, ಮಂಡಿ ಕೇಳುವುದಿಲ್ಲ. ಆ ನಾಲ್ಕು ಬೀರುಗಳನ್ನು ಕದಲಿಸಲು ಒಂದು ಸಾಲಿನ ಅನುಮತಿ ಬರೆದು ಕಳಿಸಿ. ಬ್ಯಾಂಕಿನ ಮ್ಯಾನೇಜರ್, ಔಷಧಿ ಅಂಗಡಿಯವರು, ಸಿಲಿಂಡರ್‌ನವರು ಭುಜ ಕೊಡಲು ತಯಾರಿದ್ದಾರೆ. ಆ ಬಯಲನ್ನು ಕ್ರೀಡಾ ವಿಭಾಗದಿಂದ ಕೆಲ ತಿಂಗಳ ಮಟ್ಟಿಗೆ ಮಕ್ಕಳಿಗೆ ಎರವಲು ಕೊಡಿಸಿ. ಅರ್ಧ ಮಕ್ಕಳು ಒಂದು ದಿನ, ಅರ್ಧ ಮಕ್ಕಳು ಮರುದಿನ ಬರಲಿ. ರೋಗ ಹೆಚ್ಚಾದರೆ ಮತ್ತೆ ಮುಚ್ಚಿ, ಆಗ ನಾನೇ ಬಂದು ಗೇಟಿನ ಬೀಗ ಹಾಕಿಕೊಡುತ್ತೇನೆ. ಇಷ್ಟಾದರೂ ಮಕ್ಕಳು ಸಿದ್ಧರಿದ್ದಾರೋ ಇಲ್ಲವೋ ಎಂಬ ಅನುಮಾನ ತಮಗಿದ್ದರೆ, ಯಾವುದಾದರೂ ಸಂಜೆ ಶಾಲೆಯ ಗೇಟಿನ ಹತ್ತಿರ ಬನ್ನಿ, ತಾವೇ ಬನ್ನಿ. ಹಗ್ಗದ ಈಚೆ ನಿಂತು ನೋಡಿ. ಹತ್ತಿರ ಬಂದರೆ ಮೊಮ್ಮಗಳು ಗದರುತ್ತಾಳೆ, ಬೇಸರಿಸಬೇಡಿ. ಅದು ಅವಳಿಗೆ ಮನೆತನದಿಂದ ಬಂದದ್ದು.

ಕೊಡೆ ಎಲ್ಲಿ ಸಿಕ್ಕಿತು ಎಂಬುದು ನನಗೆ ಗೊತ್ತು, ಆ ಪುಸ್ತಕವನ್ನು ಎಷ್ಟೋ ಮಕ್ಕಳ ಕೈಗೆ ಕೊಟ್ಟವಳು ನಾನು. ಆದರೆ ಈ ಸಲ ಬಾಯಿ ಬಿಡುವುದಿಲ್ಲ. ತರಗತಿಯಲ್ಲಿ ಒಮ್ಮೆ ಬಾಯಿ ಬಿಟ್ಟು ಆದ ಅನಾಹುತವೇ ಸಾಕು. ತಾವು ಗೇಟು ತೆರೆಸಿದ ದಿನ ಆ ಕತೆಯ ಕೊನೆಯ ಪುಟ ಕೇಳಲು ತಮಗೂ ಆಹ್ವಾನವಿದೆ. ಮೂರನೇ ಬೆಂಚಿನಲ್ಲಿ ಅವತ್ತು ನಾನಿರುವುದಿಲ್ಲ, ಅಲ್ಲಿ ಕೂರಬೇಕಾದವಳು ನನ್ನ ಮೊಮ್ಮಗಳು. ಅವಳು ಸ್ವಲ್ಪ ಸರಿದು ತಮಗೂ ಜಾಗ ಕೊಡುತ್ತಾಳೆ, ಕೆಂಪು ಗೆರೆಯ ಆಚೆ.

ಇಂತಿ,
ತಮ್ಮ ಕಚೇರಿಯ ದಾಖಲೆಯಂತೆ ಶಾಲೆಗೆ ಇನ್ನೂ ಸಿದ್ಧಳಾಗದ,
ಎರಡನೇ ತರಗತಿಯ, ಮೂರನೇ ಬೆಂಚಿನ ಅಜ್ಜಿ